ಐಸ್ ಹಾಕಿಯ ಮಕ್ಕಳನ್ನು ಆರಿಸುವುದರಲ್ಲಿ ಇಷ್ಟೊಂದು ಅವಸರವೇಕೆ?

ಕಳೆದ ಇಪ್ಪತ್ತು ವರ್ಷಗಳಲ್ಲಿ ಐಸ್ ಹಾಕಿ ತನ್ನ ಚಹರೆಯನ್ನು ಬದಲಿಸಿಕೊಂಡಷ್ಟು ಬೇರಾವ ತಂಡದ ಆಟವೂ ಬದಲಿಸಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ. 1990ರ ದಶಕದ ಉತ್ತರಾರ್ಧದ ಪಂದ್ಯಗಳ ದೃಶ್ಯಗಳನ್ನು ಇಂದು ನೋಡಿದರೆ, ಪಕ್‌ನೊಂದಿಗೆ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಮುನ್ನುಗ್ಗುವವನ ಸೊಂಟಕ್ಕೆ ಹಿಂದಿನಿಂದ ಸ್ಟಿಕ್ ಸಿಕ್ಕಿಸಿ ಎಳೆಯುವುದು, ಜೆರ್ಸಿ ಹಿಡಿದು ಜಗ್ಗುವುದು, ಅಂಕಣದ ನಡುಭಾಗದಲ್ಲಿ ಸಾಲುಗಟ್ಟಿ ನಿಂತು ದಾರಿ ಕಟ್ಟುವುದು, ಇವೆಲ್ಲ ಆಟದ ಸಹಜ ಭಾಗವೆಂಬಂತೆ ನಡೆದುಹೋಗುತ್ತಿದ್ದುದು ಕಾಣುತ್ತದೆ. ಮಾಲೀಕರ ಮತ್ತು ಆಟಗಾರರ ಸಂಘದ ಜಗಳದಿಂದ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ 2004-05ರ ಋತು ಇಡಿಯಾಗಿ ರದ್ದಾಯಿತು. ಮರುವರ್ಷ ಲೀಗ್ ಮತ್ತೆ ಆರಂಭವಾದಾಗ, ಹೀಗೆ ಹಿಡಿದು ತಡೆಯುವುದಕ್ಕೆಲ್ಲ ರೆಫರಿಗಳು ಬಿಡದೆ ದಂಡ ವಿಧಿಸತೊಡಗಿದರು. ಅಂಕಣವನ್ನು ಅಡ್ಡಕ್ಕೆ ವಿಭಾಗಿಸುವ ಗೆರೆಗಳಲ್ಲಿ ಎರಡನ್ನು ದಾಟಿಸಿ ಪಾಸ್ ಕೊಡಬಾರದೆಂಬ ಹಳೆಯ ನಿಯಮವೂ ಹೋಯಿತು. ತನ್ನ ಗೋಲಿನ ಬಳಿಯಿಂದ ಎದುರಾಳಿಯ ನೀಲಿ ಗೆರೆಯವರೆಗೆ ಒಂದೇ ಪಾಸಿನಲ್ಲಿ ಪಕ್ ಹೋಗಬಹುದಾದ ಮೇಲೆ, ನಿಧಾನ ಕಾಲಿನ ಭಾರೀ ಆಳುಗಳಿಗೆ ಅಲ್ಲಿ ಕೆಲಸ ಕಡಿಮೆಯಾಗುತ್ತ ಬಂತು. ಗುದ್ದಾಟಕ್ಕೆಂದೇ ತಂಡದಲ್ಲಿ ಒಬ್ಬನನ್ನು ಇಟ್ಟುಕೊಳ್ಳುವ ಪದ್ಧತಿ ಬಹುಮಟ್ಟಿಗೆ ಅಳಿದುಹೋಯಿತು, ಹೋದದ್ದೇ ಒಳ್ಳೆಯದಾಯಿತು.

ಈ ಬದಲಾವಣೆಯ ಬಿಸಿ ತಟ್ಟಬೇಕಾದದ್ದು ಮಕ್ಕಳ ತರಬೇತಿಗೆ. ವೇಗವಾಗಿ ಸ್ಕೇಟ್ ಮಾಡುತ್ತ ತಲೆಯೆತ್ತಿ ನೋಡುವುದು, ಕಿರಿದಾದ ಜಾಗದಲ್ಲಿ ಪಕ್ಕನೆ ದಿಕ್ಕು ಬದಲಿಸುವುದು, ಎದುರಾಳಿ ಮೈಮೇಲೆ ಬರುವ ಮೊದಲೇ ಮುಂದಿನ ಪಾಸನ್ನು ನಿರ್ಧರಿಸುವುದು ಇವೆಲ್ಲ ಹದಿನೆಂಟಕ್ಕೆ ಬಂದ ಮೇಲೆ ಹೊಸದಾಗಿ ಕಲಿಯುವ ವಿದ್ಯೆಗಳಲ್ಲ. ಇದನ್ನು ಅರಿತೇ ಯುಎಸ್‌ಎ ಹಾಕಿ ಸಂಸ್ಥೆ 2009ರಲ್ಲಿ ಅಮೆರಿಕನ್ ಡೆವಲಪ್‌ಮೆಂಟ್ ಮಾಡೆಲ್ ಎಂಬ ಯೋಜನೆಯನ್ನು ತಂದಿತು. ಎಂಟು ವರ್ಷದೊಳಗಿನ ಮಕ್ಕಳನ್ನು ಇಡೀ ರಿಂಕಿನಲ್ಲಿ (ಐಸ್ ಅಂಕಣದಲ್ಲಿ) ಆಡಿಸದೆ, ಅದರ ಅಡ್ಡಗಲದಲ್ಲಿ ಪುಟ್ಟ ಅಂಕಣ ಮಾಡಿ ಆಡಿಸಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲಿ ಒಂದು. ಕೆನಡಾ ಕೂಡ 2017-18ರಿಂದ ತೀರ ಚಿಕ್ಕ ಮಕ್ಕಳಿಗೆ ಇದನ್ನೇ ಕಡ್ಡಾಯ ಮಾಡಿತು.

ಈ ಸಲಹೆಗೆ ತಂದೆತಾಯಿಗಳಿಂದ ಬಂದಷ್ಟು ವಿರೋಧ ಬೇರಾವುದಕ್ಕೂ ಬಂದಿರಲಾರದು. ತಮ್ಮ ಮಗು 'ನಿಜವಾದ ಹಾಕಿ' ಆಡುತ್ತಿಲ್ಲವೆಂಬುದು ಅವರ ದೂರು. ಆದರೆ ಏಳು ವರ್ಷದ ಮಗುವೊಂದು ಪೂರ್ಣ ರಿಂಕಿನಲ್ಲಿ ಆಡುವುದನ್ನು ಒಮ್ಮೆ ಗಮನವಿಟ್ಟು ನೋಡಬೇಕು. ರಿಂಕಿನ ಉದ್ದ 200 ಅಡಿ, ಅಗಲ 85 ಅಡಿ. ಪಕ್ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿಹೋದರೆ ಹತ್ತು ಮಕ್ಕಳೂ ಅದರ ಹಿಂದೆ ಹೊರಡುತ್ತಾರೆ. ಎಲ್ಲರಿಗಿಂತ ಎತ್ತರದ, ಎಲ್ಲರಿಗಿಂತ ಮೊದಲು ಸ್ಕೇಟಿಂಗ್ ಕಲಿತ ಒಬ್ಬ ಮುಂದೆ ಹೋಗಿ ಪಕ್ ಹಿಡಿದು ಗೋಲು ಹೊಡೆಯುತ್ತಾನೆ; ಉಳಿದವರು ನೀಲಿ ಗೆರೆ ತಲುಪುವಷ್ಟರಲ್ಲಿ ಅವನು ಹಿಂತಿರುಗಿ ಬರುತ್ತಿರುತ್ತಾನೆ. ಕೊನೆಯಲ್ಲಿರುವ ಮಗು ತನ್ನ ಸರದಿ ಮುಗಿಯುವವರೆಗೂ ಗಟ್ಟಿಯಾಗಿ ಸ್ಕೇಟ್ ಮಾಡಿರುತ್ತದೆ, ಪಕ್ಕನ್ನು ಮಾತ್ರ ಮುಟ್ಟಿರುವುದಿಲ್ಲ. ಅದೇ ಮಕ್ಕಳನ್ನು ರಿಂಕಿನ ಮೂರನೇ ಒಂದು ಭಾಗದಲ್ಲಿ ಬಿಟ್ಟರೆ, ಮೊದಲು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಪಕ್ಕಿನ ಸುತ್ತ ಗುಂಪಾಗುವುದೇನೋ ನಿಜ, ಆದರೆ ಆ ಗುಂಪಿನಿಂದ ಪಕ್ ಹೊರಚಿಮ್ಮಿದಾಗಲೆಲ್ಲ ಯಾರಾದರೊಬ್ಬರ ಸ್ಟಿಕ್ಕಿಗೆ ಅದು ಬಂದೇ ಬರುತ್ತದೆ. ದೊಡ್ಡವನಿಗೂ ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲದ್ದರಿಂದ ತಿರುಗುವುದನ್ನೂ ಪಾಸ್ ಕೊಡುವುದನ್ನೂ ಅವನು ಕಲಿಯಲೇಬೇಕಾಗುತ್ತದೆ. ಈ ವಯಸ್ಸಿನವರಿಗೆ ನೀಲಿ ಬಣ್ಣದ ಹಗುರ ಪಕ್ ಕೊಡುವುದು ಇದರ ಇನ್ನೊಂದು ಅಂಗ. ದೊಡ್ಡವರ ಪಕ್ 6 ಔನ್ಸ್ ತೂಗುತ್ತದೆ, ಇದು 4. ಎಳೆಯ ಮಣಿಕಟ್ಟು ಅದನ್ನು ನೆಲದಿಂದ ಎತ್ತಿ ಹೊಡೆಯಬಲ್ಲುದು.

ಮೈಯಿಂದ ಡಿಕ್ಕಿ ಹೊಡೆದು ಎದುರಾಳಿಯನ್ನು ಪಕ್ಕಿನಿಂದ ಬೇರೆ ಮಾಡುವ ಬಾಡಿ ಚೆಕಿಂಗ್‌ನ ವಿಷಯದಲ್ಲೂ ಇಂಥದೇ ವಿವೇಕ ಬಂದಿದೆ. 11-12ರ ವಯಸ್ಸಿನ ಮಕ್ಕಳಿಗೆ ಅದನ್ನು ಆಲ್ಬರ್ಟಾ ಪ್ರಾಂತ ಬಿಟ್ಟಿತ್ತು, ಕ್ವಿಬೆಕ್ ಬಿಟ್ಟಿರಲಿಲ್ಲ. ಎರಡೂ ಕಡೆಯ ಮಕ್ಕಳನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವು, ಆಲ್ಬರ್ಟಾದ ಮಕ್ಕಳಿಗೆ ಪಂದ್ಯದಲ್ಲಿ ಗಾಯವಾಗುವ ಅಪಾಯ ಮೂರು ಪಟ್ಟಿಗೂ ಹೆಚ್ಚು ಎಂದು ತೋರಿಸಿತು. 2011-12ರಿಂದ ಅಮೆರಿಕ, 2013-14ರಿಂದ ಕೆನಡಾ ಆ ವಯಸ್ಸಿನ ಪಂದ್ಯಗಳಲ್ಲಿ ಚೆಕಿಂಗನ್ನು ನಿಲ್ಲಿಸಿದವು. ಬೇಗ ಕಲಿಯದಿದ್ದರೆ ಮುಂದೆ ಪೆಟ್ಟು ಜಾಸ್ತಿ ತಿನ್ನುತ್ತಾರೆಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಡಿಕ್ಕಿಯನ್ನು ಕೊಡುವುದೂ ತಾಳಿಕೊಳ್ಳುವುದೂ ಕಲಿಸಬೇಕಾದ ವಿದ್ಯೆಯೇ. ಆದರೆ ಅದನ್ನು ಅಭ್ಯಾಸದಲ್ಲಿ ಹಂತಹಂತವಾಗಿ ಕಲಿಸಬಹುದು. ಒಂದೇ ತರಗತಿಯ ಇಬ್ಬರ ತೂಕದಲ್ಲಿ ಇಪ್ಪತ್ತು ಕಿಲೋ ಅಂತರವಿರಬಹುದಾದ ವಯಸ್ಸಿನಲ್ಲಿ ಪಂದ್ಯದ ಆವೇಶದಲ್ಲೇ ಕಲಿಸಬೇಕೆಂದೇನೂ ಇಲ್ಲ. 14 ವರ್ಷದೊಳಗಿನವರು, ದಂಡದಿಂದಾಗಿ ತಂಡದಲ್ಲಿ ಒಬ್ಬ ಕಡಿಮೆಯಿದ್ದಾಗಲೂ ಪಕ್ಕನ್ನು ಸುಮ್ಮನೆ ಅಂಕಣದ ಆ ತುದಿಗೆ ಎಸೆದು ಪಾರಾಗುವಂತಿಲ್ಲವೆಂದು ಯುಎಸ್‌ಎ ಹಾಕಿ 2017ರಲ್ಲಿ ಮಾಡಿದ ನಿಯಮವೂ ನನಗೆ ಮೆಚ್ಚುಗೆಯಾದದ್ದೇ. ಒತ್ತಡದಲ್ಲಿರುವಾಗ ಯೋಚಿಸಿ ಆಡುವುದನ್ನು ಅದು ಕಲಿಸುತ್ತದೆ.

ಹೀಗೆ ಐಸ್ ಮೇಲಿನ ಪಾಠ ಸುಧಾರಿಸಿದೆ. ಐಸ್‌ನಿಂದ ಹೊರಗಿನ ವ್ಯವಸ್ಥೆ ಮಾತ್ರ ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ನಡೆದಿದೆ, ಮತ್ತು ನನ್ನ ತಕರಾರೇನಿದ್ದರೂ ಅದರ ಬಗ್ಗೆಯೇ. ಮಗುವಿಗೆ ಬೆಳೆಯಲು ಸಮಯ ಕೊಡಬೇಕೆಂದು ಒಂದು ಕೈಯಿಂದ ಬರೆಯುವ ಸಂಸ್ಥೆಗಳು, ಇನ್ನೊಂದು ಕೈಯಿಂದ ಒಂಬತ್ತು ಹತ್ತರ ವಯಸ್ಸಿಗೇ ಮಕ್ಕಳನ್ನು ಎಎಎ, ಎಎ, ಎ ಎಂದು ಮೇಲಿನಿಂದ ಕೆಳಕ್ಕೆ ದರ್ಜೆಗಳಾಗಿ ವಿಂಗಡಿಸುವ ಆಯ್ಕೆಶಿಬಿರಗಳಿಗೆ ಅನುಮತಿ ಕೊಡುತ್ತವೆ. ಕೆನಡಾದ ಹದಿಹರೆಯದವರ ಅತ್ಯುನ್ನತ ದರ್ಜೆಯಾದ ಮೇಜರ್ ಜೂನಿಯರಿನಲ್ಲಿ ವೆಸ್ಟರ್ನ್ ಹಾಕಿ ಲೀಗ್ 15 ತುಂಬುವ ವರ್ಷದಲ್ಲಿ, ಒಂಟಾರಿಯೊ ಹಾಕಿ ಲೀಗ್ 16 ತುಂಬುವ ವರ್ಷದಲ್ಲಿ ಹುಡುಗರನ್ನು ಡ್ರಾಫ್ಟ್ ಮೂಲಕ, ಅಂದರೆ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಲ್ಲಿ, ಹಂಚಿಕೊಳ್ಳುತ್ತವೆ. ಆ ಡ್ರಾಫ್ಟಿನಲ್ಲಿ ಹೆಸರಿರಬೇಕಾದರೆ ಅದಕ್ಕೆ ಎರಡು ವರ್ಷ ಮೊದಲೇ ದೊಡ್ಡ ತಂಡದಲ್ಲಿರಬೇಕು, ಅಲ್ಲಿರಬೇಕಾದರೆ ಇನ್ನೂ ಮೊದಲೇ ತರಬೇತುದಾರರ ಕಣ್ಣಿಗೆ ಬಿದ್ದಿರಬೇಕು. ಅವಸರ ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ.

ಇಷ್ಟು ಬೇಗ ಆರಿಸಿದಾಗ ನಾವು ಆರಿಸುವುದು ಏನನ್ನು? ಇದಕ್ಕೆ ಉತ್ತರ ಸಿಕ್ಕಿ ನಾಲ್ಕು ದಶಕಗಳೇ ಆದವು. ಕೆನಡಾದ ಜೂನಿಯರ್ ಆಟಗಾರರ ಜನ್ಮದಿನಾಂಕಗಳನ್ನು ಪರಿಶೀಲಿಸಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಬರಹದಲ್ಲಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ತುಂಬಿಕೊಂಡಿರುವುದನ್ನೂ ಕೊನೆಯ ತಿಂಗಳುಗಳವರು ಅಪರೂಪವಾಗಿರುವುದನ್ನೂ ತೋರಿಸಿದರು. ವಯೋಗುಂಪಿನ ಗಡಿ ಜನವರಿ 1 ಆದ್ದರಿಂದ, ಜನವರಿಯಲ್ಲಿ ಹುಟ್ಟಿದವನಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ಸುಮಾರು ಒಂದು ವರ್ಷದ ಅಂತರ. ಒಂಬತ್ತನೆಯ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಎತ್ತರ, ಬಲ, ಗಮನ ಎಲ್ಲದರಲ್ಲೂ ಎದ್ದು ಕಾಣುವ ವ್ಯತ್ಯಾಸ. ಆಯ್ಕೆಗಾರ ಅದನ್ನು ಪ್ರತಿಭೆಯೆಂದು ಓದುತ್ತಾನೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತುದಾರ, ಹೆಚ್ಚು ಐಸ್ ಸಮಯ, ಗಟ್ಟಿ ಎದುರಾಳಿಗಳು ಸಿಗುತ್ತಾರೆ; ಐದು ವರ್ಷಗಳ ನಂತರ ಅವನು ನಿಜವಾಗಿಯೂ ಉತ್ತಮ ಆಟಗಾರನಾಗಿರುತ್ತಾನೆ, ಆಯ್ಕೆಗಾರ ತನ್ನ ಕಣ್ಣು ಸರಿಯಾಗಿತ್ತೆಂದು ಹಿಗ್ಗುತ್ತಾನೆ. ಎನ್‌ಎಚ್‌ಎಲ್ ಡ್ರಾಫ್ಟ್‌ಗಳನ್ನು ಕುರಿತು 2013ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದ ಆಟಗಾರರು ತಾವು ಆಯ್ಕೆಯಾದ ಸ್ಥಾನದಿಂದ ನಿರೀಕ್ಷಿಸಬಹುದಾದದ್ದಕ್ಕಿಂತ ಹೆಚ್ಚಿನದನ್ನೇ ಸಾಧಿಸಿದ್ದಾರೆ. ಅಂದರೆ ಪ್ರತಿಭೆ ಹುಡುಕುವುದರಲ್ಲಿ ಪಳಗಿದ ಸ್ಕೌಟ್‌ಗಳೂ, ಅದೂ ಹುಡುಗರಿಗೆ 18 ಆದಾಗಲೂ, ಅವರಿಗೆ ಸಲ್ಲಬೇಕಾದ ಬೆಲೆ ಕಟ್ಟುತ್ತಿಲ್ಲ. ಇಷ್ಟೆಲ್ಲ ತಿಳಿದಿದ್ದೂ ಪದ್ಧತಿ ಕದಲದಿರುವುದು ನನಗೆ ಅರ್ಥವಾಗದ ಸಂಗತಿ.

ಅವಸರದ ಇನ್ನೊಂದು ಮುಖ, ಹನ್ನೆರಡು ತಿಂಗಳೂ ಹಾಕಿ. ವಸಂತಕಾಲದ ತಂಡಗಳು, ಬೇಸಿಗೆಯ ಶಿಬಿರಗಳು, ಖಾಸಗಿ ಕೌಶಲ ತರಬೇತುದಾರರು, ವಸತಿ ಸಹಿತ ಅಕಾಡೆಮಿಗಳು ಎಲ್ಲವೂ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿವೆ. ಮರದ ಸ್ಟಿಕ್ಕಿನ ಜಾಗಕ್ಕೆ ಬಂದ ಕಾಂಪೊಸಿಟ್ ಸ್ಟಿಕ್ ಹಗುರವೂ ಹೌದು, ದುಬಾರಿಯೂ ಹೌದು, ಮುರಿದಾಗ ಇನ್ನೊಂದನ್ನು ಕೊಳ್ಳಲೇಬೇಕು. ಗೋಲ್‌ಕೀಪರ್ ಆಗಲು ಹೊರಟ ಮಗುವಿನ ಮನೆಯವರ ಪಾಡಂತೂ ಹೇಳತೀರದು. ಮುಂದೆ ಎನ್‌ಎಚ್‌ಎಲ್‌ನ ದಂತಕತೆಯಾದ ವೇನ್ ಗ್ರೆಟ್ಸ್ಕಿ ಹತ್ತರ ವಯಸ್ಸಿನಲ್ಲಿ ಒಂದೇ ಋತುವಿನಲ್ಲಿ 378 ಗೋಲು ಹೊಡೆದ ಕತೆಯನ್ನು ಈ ವ್ಯಾಪಾರಸ್ಥರೆಲ್ಲ ಹೇಳುತ್ತಾರೆ. ಅದೇ ಹುಡುಗ ಚಳಿಗಾಲ ಮುಗಿದೊಡನೆ ಹಾಕಿ ಸ್ಟಿಕ್ ಬದಿಗಿಟ್ಟು ಬೇಸ್‌ಬಾಲ್, ಲಕ್ರಾಸ್ ಆಡುತ್ತಿದ್ದನೆಂಬುದನ್ನು ಹೇಳುವುದಿಲ್ಲ. ಬ್ರಾಂಟ್‌ಫರ್ಡಿನ ಮನೆಯ ಹಿತ್ತಲಿನಲ್ಲಿ ಅವನ ತಂದೆ ನೀರು ಹಾಯಿಸಿ ಮಾಡಿದ ರಿಂಕಿನಂಥ ಬಿಟ್ಟಿ ಐಸ್ ಕೂಡ ಈಗ ನಂಬುವಂಥದ್ದಲ್ಲ. 2022-23ರ ಚಳಿಗಾಲದಲ್ಲಿ ಒಟ್ಟಾವದ ರಿಡೋ ಕಾಲುವೆಯ ಸ್ಕೇಟಿಂಗ್ ದಾರಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ತೆರೆಯಲೇ ಇಲ್ಲ, ಐಸ್ ಅಷ್ಟು ಗಟ್ಟಿಯಾಗಲೇ ಇಲ್ಲ.

ಬೇರೆ ದಾರಿಯಿಲ್ಲವೆಂದಲ್ಲ. ಸುಮಾರು 55 ಲಕ್ಷ ಜನಸಂಖ್ಯೆಯ ಫಿನ್ಲೆಂಡ್ 2014, 2016, 2019ರಲ್ಲಿ 20 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನೂ, 2022ರಲ್ಲಿ ಮೊದಲ ಒಲಿಂಪಿಕ್ ಚಿನ್ನವನ್ನೂ ಗೆದ್ದಿತು. ಅಷ್ಟು ಸಣ್ಣ ದೇಶಕ್ಕೆ ಮಕ್ಕಳನ್ನು ಬೇಗ ಜರಡಿ ಹಿಡಿದು ಬಿಸಾಡುವ ಶ್ರೀಮಂತಿಕೆ ಇಲ್ಲ. ಅಮೆರಿಕದೊಳಗೇ ಮಿನೆಸೋಟ ರಾಜ್ಯದಲ್ಲಿ ಮಕ್ಕಳು ಬಹುಪಾಲು ತಮ್ಮ ಊರಿನ ಸಂಘಕ್ಕೇ ಆಡುತ್ತಾರೆ, ಆಮೇಲೆ ತಮ್ಮ ಪ್ರೌಢಶಾಲೆಗೆ ಆಡುತ್ತಾರೆ. 1945ರಿಂದ ನಡೆಯುತ್ತಿರುವ ಅಲ್ಲಿನ ಪ್ರೌಢಶಾಲಾ ಟೂರ್ನಿಗೆ ದೊಡ್ಡ ಕ್ರೀಡಾಂಗಣವೇ ತುಂಬುತ್ತದೆ. ಎರಡು ಸಾವಿರಕ್ಕೂ ಕಡಿಮೆ ಜನರಿರುವ ವಾರೋಡ್ ಎಂಬ ಗಡಿಯೂರಿನ ಕ್ರಿಶ್ಚಿಯನ್ ಮನೆತನದ ಬಿಲ್ ಮತ್ತು ರೋಜರ್ 1960ರಲ್ಲೂ, ಬಿಲ್‌ನ ಮಗ ಡೇವ್ 1980ರಲ್ಲೂ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡಗಳಲ್ಲಿದ್ದರು. ಇದು ಹಳೆಯ ಕತೆಯೆನ್ನುವುದಾದರೆ, 2014ರ ಒಲಿಂಪಿಕ್ಸ್‌ನಲ್ಲಿ ರಷ್ಯದ ವಿರುದ್ಧ ಶೂಟೌಟ್ ಗೆಲ್ಲಿಸಿದ ಟಿ.ಜೆ. ಓಶಿ ಓದಿದ್ದೂ ಅದೇ ಊರಿನ ಶಾಲೆಯಲ್ಲಿ.

ಹುಡುಗಿಯರ ವಿಷಯದಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. 2024ರ ಜನವರಿ 1ರಂದು ಆರು ತಂಡಗಳೊಂದಿಗೆ ಆರಂಭವಾದ ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಅವರಿಗೊಂದು ಗುರಿಯನ್ನು ಕೊಟ್ಟಿದೆ; ಆದರೆ ಚಿಕ್ಕಂದಿನಿಂದ ಬಾಡಿ ಚೆಕಿಂಗ್ ಇಲ್ಲದೆ ಬೆಳೆದವರನ್ನು ಮೈಗೆ ಮೈ ತಾಗುವ ವೃತ್ತಿಪರ ಆಟಕ್ಕೆ ನೇರವಾಗಿ ಇಳಿಸುತ್ತದೆ. ಸ್ವೀಡನ್ 2022ರಿಂದ ತನ್ನ ಮಹಿಳಾ ಲೀಗಿನಲ್ಲಿ ಚೆಕಿಂಗಿಗೆ ಅವಕಾಶ ಕೊಟ್ಟಿತು. ಕಲಿಸುವ ಕೆಲಸ ಕೆಳಗಿನ ವಯೋಗುಂಪುಗಳಲ್ಲಿ ಇನ್ನು ಶುರುವಾಗಬೇಕು.

ತಡವಾಗಿ ಅರಳುವವರಿಗೆ ಉತ್ತರ ಅಮೆರಿಕದಲ್ಲಿ ಇದ್ದ ದೊಡ್ಡ ಆಸರೆ ಕಾಲೇಜು ಹಾಕಿ. ಕಾನರ್ ಹೆಲಬಕ್ ಮಿಷಿಗನ್ನಿನ ಸಾಧಾರಣ ಪ್ರೌಢಶಾಲೆಯೊಂದರ ಗೋಲ್‌ಕೀಪರ್ ಆಗಿದ್ದ. 2011ರ ಡ್ರಾಫ್ಟಿನಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಟೆಕ್ಸಸ್‌ನ ಒಡೆಸ್ಸಾದಲ್ಲಿ, ಹಾಕಿಯ ನಕ್ಷೆಯಲ್ಲಿ ಹುಡುಕಿದರೂ ಸಿಗದ ಊರಿನಲ್ಲಿ, ಒಂದು ವರ್ಷ ಜೂನಿಯರ್ ಆಡಿದ; 2012ರಲ್ಲಿ 130ನೆಯವನಾಗಿ ಆಯ್ಕೆಯಾಗಿ, ಎರಡು ವರ್ಷ ಮ್ಯಾಸಚೂಸೆಟ್ಸ್ ಲೋವೆಲ್ ವಿಶ್ವವಿದ್ಯಾಲಯಕ್ಕೆ ಆಡಿದ. 2025ರಲ್ಲಿ ಎನ್‌ಎಚ್‌ಎಲ್‌ನ ಅತಿ ಮೌಲ್ಯಯುತ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಅವನಿಗೇ ಬಂತು. ಈ ಕಾಲದ ಅತ್ಯುತ್ತಮ ಡಿಫೆನ್ಸ್ ಆಟಗಾರನೆಂದು ನಾನು ಎಣಿಸುವ ಕೇಲ್ ಮಕಾರ್ ಹುಟ್ಟಿದ್ದು ಅಕ್ಟೋಬರ್ ಕೊನೆಯಲ್ಲಿ. ಅವನೂ ಮೇಜರ್ ಜೂನಿಯರ್ ಹಿಡಿಯದೆ ಆಲ್ಬರ್ಟಾದ ಎರಡನೆಯ ದರ್ಜೆಯ ಲೀಗಿನಿಂದ ಅಮೆರಿಕದ ಕಾಲೇಜಿಗೆ ಹೋದವನು.

ಕೆನಡಾದ ಮೇಜರ್ ಜೂನಿಯರ್ ಲೀಗುಗಳಲ್ಲಿ ಆಡಿದವರನ್ನು ವೃತ್ತಿಪರರೆಂದು ಪರಿಗಣಿಸಿ ಹೊರಗಿಟ್ಟಿದ್ದ ಅಮೆರಿಕದ ಕಾಲೇಜು ಕ್ರೀಡಾ ಮಂಡಳಿ ಎನ್‌ಸಿಎಎ, ಆ ನಿಯಮವನ್ನು 2024ರ ನವೆಂಬರಿನಲ್ಲಿ ಕೈಬಿಟ್ಟಿತು. 2025ರ ಆಗಸ್ಟ್ 1ರಿಂದ ಅವರಿಗೂ ಬಾಗಿಲು ತೆರೆಯಿತು. ವೆಸ್ಟರ್ನ್ ಹಾಕಿ ಲೀಗಿನ ಮೆಡಿಸಿನ್ ಹ್ಯಾಟ್ ತಂಡದ ತಾರೆ ಗೇವಿನ್ ಮೆಕೆನ್ನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡದ್ದು ದೊಡ್ಡ ಸುದ್ದಿಯಾಯಿತು. ಹದಿನಾರರ ಹುಡುಗ ಒಂದು ಸಹಿ ಹಾಕಿ ಇನ್ನೊಂದು ದಾರಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದ ಹಳೆಯ ನಿಯಮ ಅನ್ಯಾಯದ್ದೇ, ಅದು ಹೋದದ್ದು ಸರಿ. ಆದರೆ ಕಾಲೇಜು ತಂಡಗಳ ಸಂಖ್ಯೆ ಅದರಿಂದ ಹೆಚ್ಚಲಿಲ್ಲ. ಮೆಕೆನ್ನಾನಂಥವನಿಗೆ ಯಾವ ದಾರಿಯಾದರೂ ನಡೆಯುತ್ತದೆ, ಅವನ ಬಗ್ಗೆ ನನಗೆ ಚಿಂತೆಯಿಲ್ಲ. ಒಂದು ತಂಡದಲ್ಲಿ ಗೋಲ್‌ಕೀಪರುಗಳಿಗೆ ಇರುವ ಜಾಗ ಎರಡೋ ಮೂರೋ. ಮೇಜರ್ ಜೂನಿಯರಿನಲ್ಲಿ ನಾಲ್ಕು ವರ್ಷ ಪಳಗಿ ಬಂದ ಇಪ್ಪತ್ತರ ಹುಡುಗ ಅದರಲ್ಲೊಂದನ್ನು ಹಿಡಿದುಕೊಂಡರೆ, ಒಡೆಸ್ಸಾದಿಂದ ಬರುವವನಿಗೆ ಕರೆ ಹೋಗುವುದು ಕಷ್ಟ.