ಅಷ್ಟು ಬೆಂಕಿಯಲ್ಲೂ ಬೂದಿ ಯಾಕೆ ಉಳಿಯತ್ತೆ?

ಥರ್ಮಲ್ ಪ್ಲಾಂಟ್‌ನಲ್ಲಿ ಬಾಯ್ಲರ್ ನೋಡಿಕೊಳ್ತೀನಿ ಅಂದರೆ ಸಾಕು, ಮದುವೆಮನೆ ಪಂಕ್ತಿಯಲ್ಲೂ ಇದೇ ಪ್ರಶ್ನೆ: "ಅಷ್ಟು ಬೆಂಕಿ ಇದ್ದರೆ ಎಲ್ಲಾ ಸುಟ್ಟು ಹೋಗಬೇಕು ಅಲ್ವಾ? ಬೂದಿ ಎಲ್ಲಿಂದ ಬರತ್ತೆ? ಒಳಗೆ ಯಾಕೆ ಕಟ್ಟಿಕೊಳ್ಳತ್ತೆ?"

ಬೂದಿಯನ್ನು ಬೆಂಕಿ ಹುಟ್ಟಿಸುವುದಿಲ್ಲ. ಅದು ಕಲ್ಲಿದ್ದಲಿನ ಜೊತೆ ಬಂದ ಮಣ್ಣು. 25 ಕೋಟಿ ವರ್ಷಕ್ಕೂ ಹಿಂದೆ ಹೊಳೆಗಳು ಗಿಡಮರದ ಜೊತೆ ಮರಳನ್ನೂ ಜೇಡಿಯನ್ನೂ ತಂದು ತಗ್ಗಿಗೆ ತುಂಬಿದ್ದವು. ರಾಯಚೂರು, ಬಳ್ಳಾರಿ ಸ್ಥಾವರಗಳಿಗೆ ಸಿಂಗರೇಣಿ, ಮಹಾನದಿ ಗಣಿಗಳಿಂದ ಬರುವುದು ಇದೇ ಜಾತಿಯದು. ನೂರು ಕೆಜಿಯಲ್ಲಿ 35–40 ಕೆಜಿ ಬೂದಿ ಮಾಮೂಲು. ಹಿಟ್ಟಿನಲ್ಲಿ ಉಪ್ಪು ಬೆರೆತಂತೆ ಬೆರೆತಿರುವುದರಿಂದ ತೊಳೆದರೂ ಪೂರ್ತಿ ಹೋಗದು. 210 ಮೆಗಾವ್ಯಾಟ್ ಘಟಕ ಗಂಟೆಗೆ ಸುಮಾರು 140 ಟನ್ ನುಂಗುತ್ತದೆ ಅಂದುಕೊಳ್ಳಿ. ಆಗ ಗಂಟೆಗೆ ಸುಮಾರು 50 ಟನ್ ಬೂದಿ. ಹತ್ತು ಟನ್ನಿನ ಐದು ಲಾರಿ!

ಇದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹೊಗೆಯ ಜೊತೆ ಹಾರಿಹೋಗಿ, ಹಿಂದಿರುವ ಇಎಸ್‌ಪಿಯಲ್ಲಿ, ಅಂದರೆ ವಿದ್ಯುತ್ತಿನಿಂದ ಬೂದಿ ಹಿಡಿಯುವ ಯಂತ್ರದಲ್ಲಿ, ಸಿಕ್ಕಿಬೀಳುತ್ತದೆ. ಅದು ನಮಗೆ ತಲೆನೋವಲ್ಲ. ತಲೆನೋವು ಒಳಗೇ ಅಂಟುವ ಬೂದಿಯದು.

ಬೆಲ್ಲದ ಪಾಕ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿ ಪಾಕ ಸೌಟಿಗೆ ಹಿಡಿದರೆ ಬಿಡುವುದಿಲ್ಲ. ಆರಿ ಗಟ್ಟಿಯಾದ ಚೂರು ಸುಮ್ನೆ ಉರುಳಿಹೋಗುತ್ತದೆ. ಕಲ್ಲಿದ್ದಲನ್ನು ರಾಗಿ ಹಿಟ್ಟಿನ ಹಾಗೆ ಬೀಸಿ ಫರ್ನೇಸ್‌ಗೆ ಊದುತ್ತೇವೆ. ನಡುಬೆಂಕಿ 1400 ಡಿಗ್ರಿ ದಾಟಿರುತ್ತದೆ. ಅಲ್ಲಿ ಮಣ್ಣಿನ ಕಣಗಳು ಮೆತ್ತಗಾಗುತ್ತವೆ, ಕೆಲವು ಕರಗಿ ಹನಿಯೇ ಆಗುತ್ತವೆ. ಗೋಡೆಯಲ್ಲಿರುವ ನೀರಿನ ಟ್ಯೂಬ್ ಮುಟ್ಟುವ ಮೊದಲು ಆರಿದರೆ ಸರಿ. ಇಲ್ಲದಿದ್ದರೆ ಹಿಡಿದುಕೊಂಡವು ಅಂತಲೇ ಲೆಕ್ಕ. ಗಾಳಿ ಕಡಿಮೆಯಾದರೆ ಇನ್ನೂ ಕಷ್ಟ. ಆಗ ಬೂದಿಯಲ್ಲಿರುವ ಕಬ್ಬಿಣದ ಅಂಶ ಅದನ್ನು ಇನ್ನೂ ಕಡಿಮೆ ಬಿಸಿಗೇ ಕರಗಿಸುತ್ತದೆ.

ಒಮ್ಮೆ ಅಂಟಿದ ಮೇಲೆ ತಾನೇ ಬೆಳೆಯುತ್ತದೆ. ಆ ಪದರ ಟ್ಯೂಬಿಗೆ ಕಂಬಳಿ ಹೊದೆಸಿದ ಹಾಗೆ. ನೀರಿಗೆ ಹೋಗಬೇಕಾದ ಬಿಸಿ ಹೋಗದೆ ಮೇಲೇರುತ್ತದೆ. ಆಗ ಬೂದಿ ಇನ್ನೂ ಮೆತ್ತಗಿರುವಾಗಲೇ ಸೂಪರ್‌ಹೀಟರ್ (ಉಗಿಯನ್ನು ಇನ್ನಷ್ಟು ಕಾಯಿಸುವ ಮೇಲಿನ ಟ್ಯೂಬುಗಳು) ತಲುಪಿ ಅಲ್ಲೂ ಕೂರುತ್ತದೆ. ಕಂಟ್ರೋಲ್ ರೂಮಿನಲ್ಲಿ ನಮಗೆ ಬೂದಿ ಕಾಣದು. ಉಗಿಯನ್ನು ತಣಿಸುವ ಸ್ಪ್ರೇ ನೀರು ಏರುತ್ತಾ ಹೋದರೆ, ಒಳಗೆ ಕಟ್ಟಿದೆ ಅಂತ ಗೊತ್ತಾಗುತ್ತದೆ.

ಆಗ ಮೇಲೆ ಹತ್ತಿ, ನೀಲಿ ಗಾಜು ಹಿಡಿದು ಕಿಂಡಿಯಲ್ಲಿ ಇಣುಕಬೇಕು. ಮುಖ ಚುರ್ರೆನ್ನುತ್ತದೆ. ಗೋಡೆಯ ಮೇಲೆ ಜೇನುತುಪ್ಪದಂತೆ ಹೊಳೆಯುವ ಗಡ್ಡೆ, ನಿಧಾನಕ್ಕೆ ಜೋತುಬಿದ್ದಿರುತ್ತದೆ. ಅದು ಕೆಳಗಿನ ನೀರಿಗೆ ಬಿದ್ದಾಗ ಕಾಲಡಿಯ ಕಬ್ಬಿಣದ ಜಾಲರಿ ನಡುಗುತ್ತದೆ. ತಣಿದ ಚೂರನ್ನು ಕೈಗೆತ್ತಿಕೊಂಡರೆ ಗಾಜಿನಂತೆ ಕಪ್ಪು, ಒಳಗೆಲ್ಲ ತೂತು. ನಾವು ಕ್ಲಿಂಕರ್ ಅನ್ನುತ್ತೇವೆ.

ಇದನ್ನು ಬಿಡಿಸಲು ಸೂಟ್ ಬ್ಲೋಯರ್‌ನಿಂದ ಉಗಿ ಊದುತ್ತೇವೆ. ಜಾಸ್ತಿ ಊದಿದರೆ ಟ್ಯೂಬೇ ಸವೆಯುತ್ತದೆ. ಹಾಗಾಗಿ ಎಲ್ಲಿ, ಯಾವಾಗ ಅಂತ ಪ್ರತಿ ಶಿಫ್ಟ್‌ನಲ್ಲೂ ಚರ್ಚೆ, ಒಮ್ಮೊಮ್ಮೆ ಜಗಳ.

"ಹಾಗಾದರೆ ಕಡಿಮೆ ಬೂದಿಯ ವಿದೇಶಿ ಕಲ್ಲಿದ್ದಲು ತರಿಸಿ" ಅನ್ನುತ್ತಾರೆ. ನಮ್ಮ ಬೂದಿಯಲ್ಲಿ ಸಿಲಿಕಾ, ಅಲ್ಯುಮಿನಾ ಜಾಸ್ತಿ, ಬೇಗ ಕರಗುವುದಿಲ್ಲ. ಟ್ಯೂಬ್ ಉಜ್ಜಿ ಸವೆಸುತ್ತದೆ, ಆದರೆ ಅಂಟುವುದು ಕಡಿಮೆ. ಇಂಡೋನೇಷ್ಯಾದ ಕೆಲವು ಕಲ್ಲಿದ್ದಲಿನಲ್ಲಿ ಬೂದಿ ನೂರು ಕೆಜಿಗೆ ಕೆಲವೇ ಕೆಜಿ, ಆದರೆ ಅದರಲ್ಲಿ ಕಬ್ಬಿಣ, ಸುಣ್ಣದ ಅಂಶ ಹೆಚ್ಚು, ಹಾಗಾಗಿ ಬೇಗ ಕರಗಿ ಅಂಟುತ್ತದೆ. ಅದನ್ನು ಬೆರೆಸಿದ ವಾರ ನಾನು ಕಿಂಡಿ ಹತ್ತಿರ ಹೋಗುವುದು ಜಾಸ್ತಿ.