ಕೀಲಿಮಣೆಗೊಂದು ಮಣೆ

ಭಾವ ದುಬೈಯಿಂದ ಬರುವಾಗ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿಯೊಂದನ್ನು ತಂದುಕೊಟ್ಟರು. ಗುಂಡಿ ಒತ್ತಿದರೆ ಅದರ ಮುಂದೆ ಕೆಂಪು ಲೇಸರ್ ಗೆರೆಗಳಲ್ಲಿ ಇಡೀ ಕೀಬೋರ್ಡ್ ಮೂಡುತ್ತದೆ. ಬ್ಲೂಟೂತ್‌ನಲ್ಲಿ ಟ್ಯಾಬ್ಲೆಟ್‌ಗೆ ಜೋಡಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಪಜೀತಿ ಶುರುವಾಗಿದ್ದು ಆಮೇಲೆ.

ಕಿಟಕಿ ಪಕ್ಕ ಕೂತರೆ ಬಿಸಿಲಿಗೆ ಗೆರೆಗಳೇ ಕಾಣಲಿಲ್ಲ. ಊಟದ ಟೇಬಲ್ಲಿಗೆ ಬಂದೆ. ಅದು ಗಾಜಿನದು. ಕೀಬೋರ್ಡ್ ಗಾಜು ತೂರಿ ಹೋಗಿ ನನ್ನ ಪಾದದ ಮೇಲೆ ಬಿದ್ದಿತ್ತು! ಸರಿ, ಟೇಬಲ್ ಮೇಲೆ ದಪ್ಪನೆಯ ಬಟ್ಟೆ ಹಾಸಿದೆ. ಈಗ ಯಾರೂ ಮುಟ್ಟದಿದ್ದರೂ ಪರದೆ ತುಂಬ 'ಜಜಜಜ'.

ಕೈಪಿಡಿ ಓದಿದ ಮೇಲೆ ವಿಷಯ ತಿಳಿಯಿತು. ಕೆಂಪು ಗೆರೆ ಬರೀ ನಮ್ಮ ಕಣ್ಣಿಗೆ. ಕೆಲಸ ಮಾಡುವುದು ಕಾಣದ ಇನ್ನೊಂದು ಬೆಳಕು, ಇನ್‌ಫ್ರಾರೆಡ್. ಡಬ್ಬಿಯ ಬುಡದಿಂದ ಹೊರಟು, ಮೇಜಿಗೆ ತಾಗಿಯೂ ತಾಗದಂತೆ ತೆಳ್ಳಗೆ ಹರಡಿರುತ್ತದೆ. ಬೆರಳು ಅಡ್ಡ ಬಂದರೆ ಆ ಬೆಳಕು ಬೆರಳಿಗೆ ಬಡಿದು ಹಿಂದಕ್ಕೆ ಬರುತ್ತದೆ. ಅದು ಎಲ್ಲಿಂದ ಬಂತು ಅಂತ ಒಳಗಿನ ಪುಟ್ಟ ಕ್ಯಾಮೆರಾ ನೋಡಿ, ಯಾವ ಕೀ ಎಂದು ಲೆಕ್ಕ ಹಾಕುತ್ತದೆ. ಅಂದರೆ ಬಟ್ಟೆಯ ಸುಕ್ಕೂ ಅದಕ್ಕೆ ಬೆರಳೇ. ಕಾಫಿ ಇಡಲು ಬಂದ ಅಮ್ಮನ ಬಳೆಯೂ ಬೆರಳೇ.

"ಸಮತಟ್ಟಾದ ಜಾಗ ತಾನೇ ನಿಂಗೆ ಬೇಕಿರೋದು?" ಅಂತ ಅಮ್ಮ ಅಟ್ಟದಿಂದ ಹಲಸಿನ ಮರದ ಊಟದ ಮಣೆ ಇಳಿಸಿಕೊಟ್ಟಳು. ಡಬ್ಬಿಯನ್ನೂ ಮಣೆಯ ಮೇಲೇ ಇಡಬೇಕು, ಇಲ್ಲದಿದ್ದರೆ ಮಣೆಯ ಅಂಚೇ ಬೆಳಕಿಗೆ ಅಡ್ಡ. ಇಟ್ಟೆ. ಗೆರೆಗಳು ಕುಂಕುಮದ ರಂಗೋಲಿ ಹಾಗೆ ಮೂಡಿದವು. ಆದರೆ ಬೆರಳುಗಳನ್ನು ಕೀಗಳ ಮೇಲೆ ಸುಮ್ನೆ ಊರಿಕೊಂಡಿರುವ ಅಭ್ಯಾಸ ಇದೆಯಲ್ಲ, ಅದು ಇಲ್ಲಿ ನಡೆಯಲ್ಲ. ಊರಿದರೆ ಒತ್ತಿದ ಹಾಗೇ. ಕೈ ಎತ್ತಿ ಎತ್ತಿ ಭುಜ ನೋವು ಬಂತು. ತಪ್ಪು ಅಕ್ಷರ ಕಡಿಮೆಯಾಗಲಿ ಎಂದು ಸೆನ್ಸಿಟಿವಿಟಿ ಇಳಿಸಿದೆ.

ಅಲ್ಲಿ ಇನ್ನೊಂದು ಎಡವಟ್ಟು. ನುಡಿ ಕೀಲಿಮಣೆಯಲ್ಲಿ ಶಿಫ್ಟ್ ಇಲ್ಲದೆ ಕನ್ನಡ ಮುಂದೆ ಹೋಗಲ್ಲ. ಸುಮ್ಮನೆ ಒತ್ತಿದರೆ ನ, ಶಿಫ್ಟ್ ಜೊತೆಗಾದರೆ ಣ. ಲ-ಳ ಕತೆಯೂ ಅದೇ. ನನ್ನ ಕಿರುಬೆರಳಿನ ಮೆಲ್ಲನೆಯ ಒತ್ತು ಈಗ ಅದಕ್ಕೆ ಆಗಾಗ ಕಾಣುತ್ತಲೇ ಇರಲಿಲ್ಲ. ಬಳೆ ಹೋಗಿ ಬಲೆ ಆಯಿತು. ಇದು ಗೊತ್ತಾಗುವಷ್ಟರಲ್ಲಿ ಭಾವನಿಗೆ ಮೆಸೇಜ್ ಕಳಿಸಿಯಾಗಿತ್ತು: "ಮನೆ ಮೇಲೆ ಇಟ್ಟೆ, ಈಗ ಚೆನ್ನಾಗಿದೆ."

ತಕ್ಷಣ ಉತ್ತರ ಬಂತು. "ತಾರಸಿಗೆ ಯಾಕೆ ಹೋದೆ? ಬಿಸಿಲಲ್ಲಿ ಅದು ಕಾಣಲ್ಲ, ಕೆಳಗಿಳಿ."