ಕೊನೆಗೆ ಬರುವ ‘ನಾಮದಲ್ಲಿ’

ಪವಿತ್ರಾತ್ಮರ ಆಗಮನವನ್ನು ನೆನೆಯುವ ಪಂಚಾಶತ್ತಮ ಹಬ್ಬದ ಮುಂದಿನ ಭಾನುವಾರ ತ್ರಿಯೇಕ ದೇವರ ಹಬ್ಬ. ಪಿತ, ಸುತ, ಪವಿತ್ರಾತ್ಮರು ಮೂವರಾದರೂ ದೇವರು ಒಬ್ಬರೇ ಎಂಬುದು ‘ತ್ರಿಯೇಕ’ದ ಅರ್ಥ. 1334ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್ ಇದನ್ನು ಇಡೀ ಪಶ್ಚಿಮ ಧರ್ಮಸಭೆಯ ಹಬ್ಬವಾಗಿಸಿದರು. ಆದರೆ ತ್ರಿಯೇಕ ದೇವರ ಸತ್ಯ ವರ್ಷಕ್ಕೊಮ್ಮೆ ಕೇಳುವ ಪ್ರಬೋಧನೆಗಿಂತ ಮೊದಲೇ ನಮ್ಮ ಬಲಗೈಗೆ ಗೊತ್ತಿದೆ.

ಶಿಲುಬೆಯ ಗುರುತು ಹಾಕುವಾಗ ಹಣೆಯಲ್ಲಿ ‘ಪಿತನ’, ಎದೆಯಲ್ಲಿ ‘ಸುತನ’, ಎಡಭುಜದಿಂದ ಬಲಭುಜಕ್ಕೆ ಸಾಗುತ್ತ ‘ಪವಿತ್ರಾತ್ಮರ’, ಕೈಜೋಡಿಸುತ್ತ ‘ನಾಮದಲ್ಲಿ, ಆಮೆನ್’. ಲ್ಯಾಟಿನ್‌ನಲ್ಲಿ ‘ನಾಮದಲ್ಲಿ’ ಎಂಬ ಮಾತು ಹಣೆ ಮುಟ್ಟುವಷ್ಟರಲ್ಲೇ ಬಂದುಹೋಗುತ್ತದೆ. ಕನ್ನಡದಲ್ಲಿ ಅದು ಮೂವರನ್ನೂ ಕರೆದಾದ ಮೇಲೆ, ಕೈಗಳು ಕೂಡುವ ಹೊತ್ತಿಗೆ ಬರುತ್ತದೆ. ಅದೂ ಏಕವಚನದಲ್ಲಿ; ‘ನಾಮಗಳಲ್ಲಿ’ ಅಲ್ಲ. ಬೈಬಲ್‌ನ ಮತ್ತಾಯ 28:19ರ ಗ್ರೀಕ್ ಮೂಲದಲ್ಲೂ ಹೆಸರು ಒಂದೇ. ಇದು ನಮ್ಮ ನುಡಿಗೆ ಒಲಿದ ಭಾಗ್ಯ. ಅವಸರದಲ್ಲಿ ಕೈ ಎದೆಯ ಮುಂದೆಯೇ ಸುತ್ತಿ ಬಂದಾಗ ನುಂಗಿಹೋಗುವುದೂ ಇದೇ ಪದ. ಹಣೆಯಿಂದ ಎದೆಗೆ, ಭುಜದಿಂದ ಭುಜಕ್ಕೆ ಮುಟ್ಟಿಯೇ ಸಾಗಿ, ‘ನಾಮದಲ್ಲಿ’ ಎನ್ನುವಾಗ ಒಂದು ಉಸಿರು ನಿಲ್ಲಬೇಕು.

ಮೂವರು ಒಬ್ಬರೇ ಹೇಗೆ ಎಂದು ತಿಳಿಸಲು ಮಕ್ಕಳಿಗೆ ನೀರು, ಮಂಜುಗಡ್ಡೆ, ಆವಿಯ ಹೋಲಿಕೆ ಹೇಳುವವರುಂಟು. ಅದು ದಾರಿ ತಪ್ಪಿಸುತ್ತದೆ. ಮಂಜುಗಡ್ಡೆ ಕರಗಿದರೆ ನೀರು. ಒಂದು ಬಂದಾಗ ಇನ್ನೊಂದಿಲ್ಲ. ಯೊರ್ದಾನ್ ನದಿಯಲ್ಲಿ ಯೇಸು ದೀಕ್ಷಾಸ್ನಾನ ಪಡೆದಾಗ ಹಾಗಾಗಲಿಲ್ಲ. ಸುತನಾದ ಯೇಸು ನೀರಿನಿಂದ ಮೇಲೆ ಬಂದಾಗ ಪವಿತ್ರಾತ್ಮರು ಪಾರಿವಾಳದಂತೆ ಇಳಿದರು, ಪಿತನ ಧ್ವನಿಯೂ ಕೇಳಿಸಿತು. ಮೂವರೂ ಒಂದೇ ಗಳಿಗೆಯಲ್ಲಿ.

ತ್ರಿಮೂರ್ತಿಗಳ ಹೋಲಿಕೆಯೂ ನಮ್ಮಲ್ಲಿ ಸಹಜವಾಗಿ ಬರುತ್ತದೆ. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಒಬ್ಬೊಬ್ಬರ ಕಾರ್ಯ. ಕ್ರೈಸ್ತ ವಿಶ್ವಾಸದಲ್ಲಿ ಹಾಗೆ ಕೆಲಸ ಹಂಚಿಕೆಯಾಗುವುದಿಲ್ಲ. ಸೃಷ್ಟಿಯೂ ರಕ್ಷಣೆಯೂ ಮೂವರದೂ ಹೌದು. ‘ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವವ’ ಎಂದು ಹೇಳಿ ಕೊಟ್ಟ ದೀಕ್ಷಾಸ್ನಾನ ಸಿಂಧುವಲ್ಲ ಎಂದು ವ್ಯಾಟಿಕನ್ 2008ರಲ್ಲಿ ಸ್ಪಷ್ಟಪಡಿಸಿತು. ಅವು ಕಾರ್ಯಗಳ ಹೆಸರು. ಪಿತ, ಸುತ ಎಂಬವು ಸಂಬಂಧದ ಹೆಸರು. ಮಗನಿಲ್ಲದೆ ತಂದೆ ಎಂಬ ಮಾತೇ ಇಲ್ಲ. ಹಾಗಾಗಿಯೇ ಮಗುವಿನ ತಲೆಗೆ ಮೂರು ಬಾರಿ ನೀರು ಸುರಿದರೂ ದೀಕ್ಷಾಸ್ನಾನ ಒಂದೇ.

ಪ್ರಾರ್ಥನೆಗೂ ಇದೇ ಜಾಡು. ಪಿತನಿಗೆ, ಕ್ರಿಸ್ತರ ಮೂಲಕ, ಪವಿತ್ರಾತ್ಮರಲ್ಲಿ. ‘ಅಪ್ಪಾ, ತಂದೆಯೇ’ ಎಂಬುದು ಸುತನ ಕರೆ. ಅದನ್ನು ನಮ್ಮ ಹೃದಯದೊಳಗಿಂದ ಕೂಗುವವರು ಆತ್ಮರು ಎನ್ನುತ್ತದೆ ಗಲಾತ್ಯ 4:6. ದಣಿದು ಬಂದ ರಾತ್ರಿ ಏನು ಬೇಡಬೇಕೆಂದೇ ತೋಚದಿದ್ದರೆ ಶಿಲುಬೆಯ ಗುರುತೊಂದನ್ನೇ ನಿಧಾನವಾಗಿ ಹಾಕಿ ಮಲಗಬಹುದು. ಆಗ ಮಾತಿಗೆ ಮೀರಿದ ನಿಟ್ಟುಸಿರಿನಲ್ಲಿ ಆತ್ಮರೇ ನಮ್ಮ ಪರವಾಗಿ ಬೇಡಿಕೊಳ್ಳುತ್ತಾರೆ ಎಂದು ಪೌಲರು ರೋಮಿನವರಿಗೆ ಬರೆದಿದ್ದಾರೆ.